ಹಲ್ಲಿಗೊಂದು ಕ್ಯಾಮೆರಾ

ಫೆಬ್ರವರಿ 17, ಸೋಮವಾರ

ಇವತ್ತು ಮತ್ತೊಂದು ಹಲ್ಲು ವಾಪಸ್ ಬಂತು. ಈ ತಿಂಗಳಲ್ಲಿ ನಾಲ್ಕನೆಯದು. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹತ್ತಿ, ಹತ್ತಿಯ ಮೇಲೆ ನಾನೇ ಮಾಡಿ ಕಳಿಸಿದ ಹಲ್ಲಿನ ಕ್ಯಾಪ್. ಜೊತೆಗೆ ಕ್ಲಿನಿಕ್ಕಿನ ಡಾಕ್ಟ್ರಮ್ಮ ಬರೆದ ಚೀಟಿ: “ಒಂದು ಶೇಡ್ ಬಿಳಿಯಾಗಿದೆ. ಪಕ್ಕದ ಹಲ್ಲಿಗೆ ಹೊಂದುತ್ತಿಲ್ಲ. ದಯವಿಟ್ಟು ನೋಡಿ.” ಆ ‘ದಯವಿಟ್ಟು’ ಓದಿ ಮೈ ಉರಿಯಿತು. ಹತ್ತು ವರ್ಷದಲ್ಲಿ ಆಕೆ ನನಗೆ ದಯವಿಟ್ಟು ಎಂದು ಬರೆದದ್ದಿಲ್ಲ. ಬರೆಯುವ ಪ್ರಮೇಯವೇ ಬಂದಿರಲಿಲ್ಲ.

ಇಪ್ಪತ್ತೇಳು ವರ್ಷದಿಂದ ಇದೇ ಲ್ಯಾಬಿನಲ್ಲಿ ಕೂತು ಜನರ ಬಾಯಿಗೆ ಹಲ್ಲು ಮಾಡುತ್ತಿದ್ದೇನೆ. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದಿಂದ ಪದರ ಪದರವಾಗಿ ಕಟ್ಟಿ, ಫರ್ನೇಸಿನಲ್ಲಿ ಸುಟ್ಟು, ಪಕ್ಕದ ಹಲ್ಲಿನ ಬಣ್ಣಕ್ಕೆ ತರುವುದು ನನ್ನ ಕೆಲಸ. ಬಣ್ಣ ನೋಡುವುದಕ್ಕೆಂದು ಹದಿನಾರು ಮಾದರಿ ಹಲ್ಲುಗಳ ಒಂದು ಪಟ್ಟಿ ಇದೆ. ಹೊಸಬರು ಅದನ್ನು ಪಕ್ಕದಲ್ಲಿ ಹಿಡಿದು ಹೋಲಿಸುತ್ತಾರೆ. ನಾನು ಅದನ್ನು ಮುಟ್ಟದೆ ಇಪ್ಪತ್ತು ವರ್ಷವಾಯಿತು. ಡಾಕ್ಟರು ಬಣ್ಣದ ನಂಬರು ಬರೆದು ಒಂದು ಫೋಟೋ ಕಳಿಸಿದರೆ ಸಾಕು, ಬಣ್ಣ ತಾನಾಗಿ ಕಣ್ಣಿಗೆ ಕಟ್ಟುತ್ತದೆ. ಲ್ಯಾಬಿನಲ್ಲಿ ಎಲ್ಲರೂ ನನ್ನನ್ನು ಮೇಷ್ಟ್ರು ಎಂದು ಕರೆಯುವುದು ಸುಮ್ಮನೆ ಅಲ್ಲ.

ಜನವರಿಯಲ್ಲಿ ಮೊದಲ ಸಲ ಎರಡು ಹಲ್ಲು ವಾಪಸ್ ಬಂದಾಗ ತಪ್ಪು ಯಾರದೆಂದು ನನಗೆ ತಕ್ಷಣ ಹೊಳೆದಿತ್ತು. ಪುಡಿಯಮ್ಮನದು. ಪುಡಿ ಬಾಟಲಿಗಳೂ ಫರ್ನೇಸೂ ಅವಳ ಸುಪರ್ದಿಯಲ್ಲಿದ್ದವು, ಅದಕ್ಕೇ ಆ ಹೆಸರು. ವಯಸ್ಸು ಮೂವತ್ತೈದು, ಹನ್ನೊಂದು ವರ್ಷದಿಂದ ನನ್ನ ಪಕ್ಕದ ಕುರ್ಚಿ. ಎಡಗೈಯವಳು, ಹಾಗಾಗಿ ಮೇಜಿನ ಮೇಲಿನ ಸಾಮಾನೆಲ್ಲ ತಿರುಗಾಮುರುಗಾ. ನಾನು ಕಟ್ಟಿದ ಹಲ್ಲಿಗೆ ಕೊನೆಯ ಮೆರುಗು ಕೊಟ್ಟು ಸುಡುವುದು ಅವಳ ಕೆಲಸವಾಗಿತ್ತು. ಜ್ವರವೆಂದು ಒಂದು ವಾರ ರಜೆ ಹಾಕಿದ್ದಳು, ಆ ವಾರದ ಹಲ್ಲುಗಳೇ ವಾಪಸ್ ಬಂದವು. ಹೋಗುವ ಮೊದಲು ಬಾಟಲಿಗಳನ್ನು ಅದಲುಬದಲು ಮಾಡಿದ್ದಾಳೆ ಎಂದು ಮಾಲೀಕರಿಗೆ ಹೇಳಿದೆ. ಅವರು ಅವಳನ್ನು ಹಿಂದಿನ ಪ್ಲಾಸ್ಟರ್ ಕೋಣೆಗೆ, ಹಲ್ಲಿನ ಅಚ್ಚು ಎರೆಯುವ ಕೆಲಸಕ್ಕೆ ಹಾಕಿದರು. ಈಗ ಕೊನೆಯ ಮೆರುಗನ್ನೂ ನಾನೇ ಹಾಕುತ್ತೇನೆ, ಪುಡಿಯನ್ನೂ ನಾನೇ ಅಳೆಯುತ್ತೇನೆ. ಆದರೂ ಹಲ್ಲುಗಳು ವಾಪಸ್ ಬರುತ್ತಿವೆ.

ಅಂದಮೇಲೆ ಪುಡಿಯದಲ್ಲ, ಫೋಟೋದ್ದೇ ತಪ್ಪು. ಡಾಕ್ಟ್ರಮ್ಮ ಫೋನಿನಲ್ಲಿ ತೆಗೆದು ಕಳಿಸುವ ಫೋಟೋಗಳೆಲ್ಲ ಹಳದಿ.

ಫೆಬ್ರವರಿ 19, ಬುಧವಾರ

ಮಾಲೀಕರು ಕರೆದರು. ಒಳ್ಳೆಯ ಮನುಷ್ಯರು, ಬಯ್ಯುವುದಿಲ್ಲ. ಅದೇ ಕಷ್ಟ.

“ಮೇಷ್ಟ್ರೇ, ನಿಮ್ಮ ಕೈ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಡಾಕ್ಟ್ರಮ್ಮ ಬೇರೆ ಲ್ಯಾಬ್ ಕಡೆ ಒಂದು ಕಣ್ಣು ಇಟ್ಟಿದ್ದಾರೆ. ಮಾರ್ಚ್ ಕೊನೆವರೆಗೂ ನೋಡ್ತೀನಿ. ಸರಿಹೋಗಿಲ್ಲ ಅಂದ್ರೆ ಮುಂದಿನ ಹಲ್ಲು ಅಷ್ಟೂ ಹೊರಗಿನ ಲ್ಯಾಬಿಗೆ ಕಳಿಸೋದು. ನೀವು ದವಡೆ ಹಲ್ಲು ನೋಡ್ಕೊಳ್ಳಿ.”

ದವಡೆ ಹಲ್ಲಿನ ಬಣ್ಣ ಯಾರಿಗೆ ಬೇಕು. ಅದನ್ನು ನೋಡುವವರು ಡಾಕ್ಟರು ಮಾತ್ರ, ಅವರೂ ಟಾರ್ಚು ಹಿಡಿದು. ಮುಂದಿನ ಹಲ್ಲು ಕೈಬಿಟ್ಟರೆ ನಾನು ಮೇಷ್ಟ್ರಲ್ಲ, ಸಂಬಳಕ್ಕಿರುವ ಒಬ್ಬ ಮುದುಕ. ಅದು ಅವರಿಗೂ ಗೊತ್ತು.

“ಒಳ್ಳೆ ಕ್ಯಾಮೆರಾ ಬೇಕು. ಫೋನಿನ ಫೋಟೋ ನಂಬಿ ಮಾಡೋಕಾಗಲ್ಲ” ಎಂದೆ. ಲ್ಯಾಬಿನಿಂದ ಈಗ ಆಗುವುದಿಲ್ಲವೆಂದರು. ನಾನೇ ತಗೊಳ್ಳುತ್ತೇನೆ ಎಂದುಬಿಟ್ಟೆ.

ಫೆಬ್ರವರಿ 20, ಗುರುವಾರ

ಮೂವತ್ತೈದು ಸಾವಿರಕ್ಕಿಂತ ಒಂದು ಪೈಸೆ ಹೆಚ್ಚಿಲ್ಲವೆಂದು ಮನೆಯಾಕೆ ಕಡ್ಡಿ ಮುರಿದ ಹಾಗೆ ಹೇಳಿದಳು. ಅದು ಬಚ್ಚಲುಮನೆ ರಿಪೇರಿಗೆಂದು ಎತ್ತಿಟ್ಟದ್ದು. ಅಳಿಯಂದಿರಿಗೆ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಏಳು ವಿಡಿಯೊ ಕಳಿಸಿದರು. ಒಂದೊಂದರಲ್ಲೂ ಒಬ್ಬ ಹುಡುಗ ಬೆಟ್ಟದ ತುದಿಯಲ್ಲಿ ನಿಂತು ಕ್ಯಾಮೆರಾ ಹಿಡಿದುಕೊಂಡು ಉಸಿರು ಬಿಡದೆ ಮಾತಾಡುತ್ತಾನೆ. ಒಬ್ಬನ ಬಾಯಲ್ಲೂ ಹಲ್ಲಿನ ಸುದ್ದಿಯಿಲ್ಲ. ತಲೆ ಚಿಟ್ಟು ಹಿಡಿದು ಫೋನು ಮುಚ್ಚಿಟ್ಟೆ.

ಮನೆಯಾಕೆಯೊಡನೆ ಬೇರೆ ವಿಷಯಕ್ಕೆ ಜಟಾಪಟಿ. ಹಾಸಿಗೆಯ ಬಿಳಿ ಚಾದರ ಹಳದಿ ತಿರುಗಿದೆ, ಸೋಪು ಬದಲಾಯಿಸು ಎಂದೆ. ಮೊನ್ನೆ ತಾನೇ ತಂದ ಹೊಸ ಚಾದರವಂತೆ. ಹೊಸದಕ್ಕೇ ಈ ಗತಿ. ಈ ನೋಟ್‌ಬುಕ್ಕಿನ ಹಾಳೆಯೂ ಹಾಗೇ, ಕೊಂಡು ಎರಡು ತಿಂಗಳಾಗಿಲ್ಲ. ಈಗ ಬರುವ ಯಾವ ಸಾಮಾನಿಗೂ ಗುಣವಿಲ್ಲ. ಬಲ್ಬುಗಳೂ ಮಂಕು.

ಫೆಬ್ರವರಿ 22, ಶನಿವಾರ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆಯ ಕ್ಯಾಮೆರಾ ಕೊಂಡು ಮಾರುವ ಅಂಗಡಿಯಿದೆ. ಒಳಗೆ ಇಬ್ಬರು ನಿಂತರೆ ಮೂರನೆಯವನು ಬಾಗಿಲಲ್ಲಿ. ಅಂಗಡಿಯವರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಕನ್ನಡಕ ಸದಾ ಹಣೆಯ ಮೇಲೆ.

“ಏನು ತೆಗೀಬೇಕು, ಮೊದಲು ಅದು ಹೇಳಿ. ಮದುವೆನಾ, ಹಕ್ಕಿನಾ, ಮೊಮ್ಮಗುನಾ?”

“ಹಲ್ಲು.”

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ಸರಿಯಾಗಿ ನೋಡಿದರು. ವಿಷಯ ಹೇಳಿದೆ. ಆಮೇಲೆ ಇಬ್ಬರೂ ಸ್ಟೂಲು ಎಳೆದುಕೊಂಡು ಕೂತೆವು. ಕಸುಬು ಬಲ್ಲವರೊಡನೆ ಮಾತಾಡಿ ಎಷ್ಟು ದಿನವಾಗಿತ್ತು.

“ಅಳಿಯಂದಿರು ಹೇಳಿದ್ದು ಮರೀರಿ” ಎಂದರು. ಅಳಿಯಂದಿರ ಆಯ್ಕೆ ಹೊಸ ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ, ಜೊತೆಗೆ ಕಂಪನಿಯೇ ಕೊಡುವ ಸಾಧಾರಣ ಲೆನ್ಸು, ಮೇಲೊಂದು ಬ್ಯಾಗು ಉಚಿತ. “ಆ ಲೆನ್ಸು ಊರೆಲ್ಲ ತೋರಿಸುತ್ತೆ, ಹಲ್ಲು ತೋರಿಸಲ್ಲ. ಬಾಡಿ ಎಂಟು ವರ್ಷ ಹಳೇದಾದ್ರೂ ನಡೆಯುತ್ತೆ. ದುಡ್ಡೆಲ್ಲ ಲೆನ್ಸಿಗೆ ಹಾಕಿ. ನಿಮಗೆ ಬೇಕಾಗಿರೋದು ಮ್ಯಾಕ್ರೋ.”

ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುವ ಲೆನ್ಸಿಗೆ ಮ್ಯಾಕ್ರೋ ಎನ್ನುತ್ತಾರೆ. ಅವರ ಹತ್ತಿರ ಎರಡಿದ್ದವು. ಅರವತ್ತು ಎಂಎಂ ಅಳತೆಯದು ಅಗ್ಗ, ಆದರೆ ಹಲ್ಲು ದೊಡ್ಡದಾಗಿ ಬರಬೇಕಾದರೆ ರೋಗಿಯ ಬಾಯೊಳಗೇ ತಲೆ ಹಾಕಬೇಕು. ನೂರರದು ಕೊಂಚ ದೂರದಿಂದಲೇ ತೆಗೆಯುತ್ತದೆ, ಬೆಲೆ ಹೆಚ್ಚು. ಮೂರನೆಯ ದಾರಿ, ಮಾಮೂಲಿ ಲೆನ್ಸಿನ ಹಿಂದೆ ಪೊಳ್ಳು ಬಳೆಗಳನ್ನು ಸಿಕ್ಕಿಸುವುದು. ಬಲು ಅಗ್ಗ. “ಆದ್ರೆ ಬೆಳಕು ಕಮ್ಮಿ ಆಗುತ್ತೆ, ನೀವೂ ರೋಗಿನೂ ಉಸಿರು ಹಿಡ್ಕೊಂಡು ಕೂತಿರ್ಬೇಕು” ಎಂದು ನಕ್ಕರು.

ನೂರರದಕ್ಕೇ ಮನಸ್ಸು ಹೋಯಿತು. ಅದಕ್ಕೆ ಒಂದು ಹಳೆಯ ಬಾಡಿ ಹಾಕಿ ನನ್ನ ಹೆಬ್ಬೆರಳಿನ ಉಗುರಿನ ಫೋಟೋ ತೆಗೆದು ಪರದೆಯಲ್ಲಿ ತೋರಿಸಿದರು. ಉಗುರಿನ ಸಂದಿಯ ಪಿಂಗಾಣಿ ಪುಡಿಯ ಒಂದೊಂದು ಕಾಳೂ ಕಂಡಿತು. ಆದರೆ ಬಾಡಿ ಸರಿಯಿಲ್ಲ. ಹಳದಿ ಹೊಡೆಯುತ್ತದೆ. ಬೇರೆ ತೋರಿಸಿ ಎಂದೆ.

ಮಾರ್ಚ್ 1, ಶನಿವಾರ

ವಾರವೆಲ್ಲ ಕೆಲಸ. ಒಂದೊಂದು ಹಲ್ಲನ್ನೂ ಮೂರು ಮೂರು ಸಲ ನೋಡಿ ಕಳಿಸಿದ್ದೇನೆ. ಸಂಜೆ ಹೊತ್ತಿಗೆ ಕಣ್ಣಿನಲ್ಲಿ ಮರಳು ಹಾಕಿದ ಹಾಗೆ. ಎರಡು ವಾಪಸ್.

ಅಂಗಡಿಯವರು ಎರಡನೆಯ ಬಾಡಿ ತೋರಿಸಿದರು. ಇದೂ ಹಳದಿ. ಅವರು ಕನ್ನಡಕ ಕೆಳಗಿಳಿಸಿ ಪರದೆಯನ್ನೂ ನನ್ನನ್ನೂ ನೋಡಿದರು. “ಇನ್ನೊಂದು ವಾರ ಬಿಟ್ಟು ಬನ್ನಿ, ಒಬ್ಬರು ಇನ್ನೊಂದು ಬಾಡಿ ಕೊಡೋದಿದೆ. ಮನೆಯವರನ್ನೂ ಕರ್ಕೊಂಡು ಬನ್ನಿ” ಎಂದರು. ದುಡ್ಡಿನ ವಿಷಯಕ್ಕೆ ಹೆಂಗಸರು ಇದ್ದರೆ ಚೌಕಾಶಿ ಬೇಗ ಮುಗಿಯುತ್ತದೆ ಎಂದಿರಬೇಕು.

ಮಾರ್ಚ್ 4, ಮಂಗಳವಾರ

ಪ್ಲಾಸ್ಟರ್ ಕೋಣೆಯಿಂದ ಅಚ್ಚು ತರಲು ಹೋಗಿದ್ದೆ. ಮಾತಾಡುವಂಥದ್ದೇನಿರಲಿಲ್ಲ. ಪುಡಿಯಮ್ಮ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಚ್ಚು ಉಜ್ಜುತ್ತಿದ್ದಳು, ರೆಪ್ಪೆಯವರೆಗೂ ಧೂಳು. ಕೆಮ್ಮುತ್ತಿದ್ದಳು. ಕಿಟಕಿ ತೆಗೆದಿಡಬಾರದೇ ಎಂದೆ. “ತೆಗೆದ್ರೆ ಧೂಳು ನಿಮ್ಮ ಮೇಜಿನವರೆಗೂ ಬರುತ್ತೆ ಮೇಷ್ಟ್ರೇ” ಎಂದಳು. ಅಚ್ಚು ಎತ್ತಿಕೊಂಡು ಬಂದೆ.

ಮಾರ್ಚ್ 8, ಶನಿವಾರ

ಇವತ್ತಿನದನ್ನು ಬರೆಯಬಾರದೆಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮನೆಯಾಕೆಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಮೂರು ಬಾಡಿಗಳನ್ನೂ ಸಾಲಾಗಿ ಇಟ್ಟು, ಒಂದು ಬೂದು ಬಣ್ಣದ ಕಾರ್ಡನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಅದೇ ನೂರರ ಲೆನ್ಸನ್ನು ಒಂದೊಂದಕ್ಕೂ ಹಾಕಿ ಅದರ ಫೋಟೋ ತೆಗೆದರು. ಬಣ್ಣ ಸರಿಯಿದೆಯೋ ಇಲ್ಲವೋ ತಿಳಿಯಲು ಕ್ಯಾಮೆರಾದವರು ಆ ಕಾರ್ಡನ್ನೇ ಬಳಸುತ್ತಾರಂತೆ.

“ನೋಡಿ, ಹೇಗಿದೆ?”

ಮೂರೂ ಹಳದಿ ಮಿಶ್ರಿತ ಕಂದು. ಹಾಗೇ ಹೇಳಿದೆ. ಅವರು ಮನೆಯಾಕೆಯ ಕಡೆ ತಿರುಗಿಸಿದರು.

“ಬೂದಿ ಬಣ್ಣ. ಮೂರೂ ಒಂದೇ ಥರ ಇದೆಯಲ್ರೀ” ಎಂದಳು.

“ನಿನಗೆ ಬಣ್ಣದ ವಿಷಯ ಏನು ಗೊತ್ತು” ಎಂದೆ. ಅಂಗಡಿಯವರು ಕ್ಯಾಮೆರಾಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದರು. “ಬೇಜಾರು ಮಾಡ್ಕೋಬೇಡಿ. ಕಣ್ಣು ಯಾವಾಗ ತೋರಿಸಿದ್ರಿ?”

ಇಪ್ಪತ್ತೇಳು ವರ್ಷ ಕಣ್ಣಿನಿಂದ ಅನ್ನ ತಿಂದವನಿಗೆ ಕೇಳುವ ಮಾತೇ ಇದು. ಎದ್ದು ಬಂದುಬಿಟ್ಟೆ.

ಮಾರ್ಚ್ 9, ಭಾನುವಾರ

ಕಣ್ಣಂತೆ.

ಮಾರ್ಚ್ 11, ಮಂಗಳವಾರ

ಆದರೆ ಕ್ಯಾಮೆರಾ ಬೇಕೇ ಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಬ್ಬನೇ ಹೋಗಿ ಎರಡನೆಯ ಬಾಡಿಯನ್ನೂ ನೂರರ ಲೆನ್ಸನ್ನೂ ತಂದೆ. ಮೂವತ್ತನಾಲ್ಕು ಸಾವಿರಕ್ಕೆ ಕೊಟ್ಟರು. ಲೆನ್ಸಿನ ಮೂತಿಗೆ ಸಿಕ್ಕಿಸುವ ಉಂಗುರದ ದೀಪವನ್ನು ಕೊಸರಾಗಿ ಕೊಟ್ಟರು. ನಾನು ಸಿಟ್ಟಿನಲ್ಲೇ ಇದ್ದೆ, ಅವರು ಮಾತ್ರ ಟೀ ತರಿಸಿದರು. ಬೇಡವೆಂದರೂ ಕುಡಿದೆ.

ಹಳದಿಗೆ ಉಪಾಯ ಸಿಕ್ಕಿದೆ. ಬಣ್ಣವನ್ನು ಕೈಯಿಂದಲೇ ಹೊಂದಿಸುವ ಸೌಲಭ್ಯ ಕ್ಯಾಮೆರಾದಲ್ಲಿದೆ. ಬಿಳಿ ಕಾಗದ ಮುಂದಿಟ್ಟುಕೊಂಡು, ಪರದೆಯಲ್ಲಿ ಅದು ಬಿಳಿಯಾಗಿ ಕಾಣುವವರೆಗೂ ತಿರುಗಿಸುತ್ತಾ ಹೋದೆ. ತುಂಬ ದೂರ ತಿರುಗಿಸಬೇಕಾಯಿತು. ಕೊನೆಗೂ ಬಿಳಿ ಬಿಳಿಯಾಯಿತು. ತಿಂಗಳಿಂದ ಕಾಣದಿದ್ದ ಬಿಳಿ. ನೋಡುತ್ತಾ ಕೂತುಬಿಟ್ಟೆ. ಹಾಗೇ ಉಳಿಸಿಟ್ಟೆ.

ಮಾರ್ಚ್ 13, ಗುರುವಾರ

ಕ್ಲಿನಿಕ್ಕಿಗೆ ನಾನೇ ಹೋಗಿ ಫೋಟೋ ತೆಗೆದೆ. ರೋಗಿ ಬಸ್ ಕಂಡಕ್ಟರ್ ಹೆಂಗಸು. ಬ್ರೇಕು ಹಾಕಿದಾಗ ಕಂಬಿಗೆ ಬಡಿದು ಮುಂದಿನ ಹಲ್ಲು ಮುರಿದಿದೆ. ಮೂರು ವಾರದಿಂದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಟಿಕೆಟ್ ಕೊಡುತ್ತಿದ್ದಾಳಂತೆ. “ಚಿಲ್ಲರೆ ಕೇಳಿದ್ರೂ ಯಾರಿಗೂ ಅರ್ಥ ಆಗಲ್ಲ ಅಣ್ಣ” ಎಂದಳು. “ಇನ್ನೊಂದು ವಾರ. ಪಕ್ಕದ ಹಲ್ಲಿಗೇ ಗೊತ್ತಾಗಬಾರದು, ಹಾಗೆ ಮಾಡ್ಕೊಡ್ತೀನಿ” ಎಂದು ಮಾತು ಕೊಟ್ಟೆ. ಡಾಕ್ಟ್ರಮ್ಮ ನಂಬರು ಹೇಳಲು ಬಂದರು. ಬೇಡ, ನನ್ನ ಫೋಟೋ ಸಾಕು ಎಂದೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಮಾಡುತ್ತೇನೆ.

ಮಾರ್ಚ್ 18, ಮಂಗಳವಾರ

ವಾಪಸ್ ಬಂತು. ಚೀಟಿ ಇಲ್ಲ. ಡಾಕ್ಟ್ರಮ್ಮನೇ ಬಂದಿದ್ದರು, ಮಾಲೀಕರ ಕೋಣೆಯಲ್ಲಿ ನನ್ನನ್ನು ಕೂರಿಸಿ ಮೆಲ್ಲಗೆ ಮಾತಾಡಿದರು. ಹಲ್ಲು ಸೀಮೆಸುಣ್ಣದ ಹಾಗಿದೆ, ಬಿಳಿಯಲ್ಲಿ ನೀಲಿ ಹೊಡೆಯುತ್ತದೆ. ಆ ಹೆಂಗಸು ಕನ್ನಡಿ ನೋಡಿ ಕರವಸ್ತ್ರ ಬಾಯಿಗೆ ಹಿಡಿದು ಕೂತಳಂತೆ.

“ಮೇಷ್ಟ್ರೇ, ನಿಮ್ಮ ಕೆಲಸ ನನಗೆ ಗೊತ್ತು. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ” ಎಂದರು ಡಾಕ್ಟ್ರಮ್ಮ.

ಅವರು ಹೋದ ಮೇಲೆ ಮಾಲೀಕರು ತೀರ್ಮಾನ ಹೇಳಿದರು. ಏಪ್ರಿಲ್ ಒಂದರಿಂದ ಮುಂದಿನ ಹಲ್ಲು ಹೊರಗಿನ ಲ್ಯಾಬಿಗೆ. ನನಗೆ ದವಡೆ ಹಲ್ಲು. ಕೆಲಸ ಅರ್ಧವಾಗುವುದರಿಂದ ಪ್ಲಾಸ್ಟರ್ ಕೋಣೆಗೆ ಮೊದಲಿಂದ ಇರುವ ಹುಡುಗನೊಬ್ಬ ಸಾಕು. “ಪುಡಿಯಮ್ಮನ್ನ ಈ ತಿಂಗಳಿಗೆ ಬಿಡಿಸ್ತೀನಿ. ಹೇಗೂ ಶುರುವಾಗಿದ್ದು ಅವಳಿಂದಲೇ ಅಂತ ನೀವೇ ಹೇಳಿದ್ರಲ್ಲ.”

ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಆ ಹಲ್ಲನ್ನು ಸಂಜೆಯವರೆಗೂ ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಈಗಲೂ ಸರಿಯಾಗೇ ಕಾಣುತ್ತಿದೆ. ಭಯವಾಗುತ್ತಿದೆ.

ಮಾರ್ಚ್ 20, ಗುರುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ನ್ಯಾಯಾಧೀಶರಿಗೆ ಆರು ಮುಂದಿನ ಹಲ್ಲುಗಳ ಸಾಲು ಮಾಡಿಕೊಟ್ಟಿದ್ದೆ. ನನ್ನ ಕೈಯಿಂದ ಬಂದ ಕೆಲಸಗಳಲ್ಲೆಲ್ಲ ಅದು ಮೇಲು. ಡಾಕ್ಟ್ರಮ್ಮ ಅದರ ಫೋಟೋವನ್ನು ಕ್ಲಿನಿಕ್ಕಿನ ಗೋಡೆಗೆ ಹಾಕಿದ್ದಾರೆ. ಒಂದು ಮೂಲೆ ಒಡೆದಿದೆಯೆಂದು ಅದೇ ಸಾಲು ಇವತ್ತು ರಿಪೇರಿಗೆ ಬಂತು. ನನಗೊಂದು ಯೋಚನೆ ಬಂತು. ಇದರ ಫೋಟೋ ತೆಗೆದು ಮಾಲೀಕರಿಗೆ ತೋರಿಸಬೇಕು, ಇದನ್ನು ಮಾಡಿದ ಕಣ್ಣು ಎಲ್ಲಿ ಹೋಗುತ್ತದೆ ಎಂದು ಕೇಳಬೇಕು.

ಕ್ಯಾಮೆರಾವನ್ನು ಮೇಜಿನ ಅಂಚಿಗೆ ಒರಗಿಸಿ ತೆಗೆದೆ. ಪರದೆಯಲ್ಲಿ ದೊಡ್ಡದು ಮಾಡಿದೆ. ಒಂದೊಂದು ಹಲ್ಲೂ ಅಂಗೈಯಷ್ಟಾಯಿತು. ಒಸಡಿಗೆ ತಾಗುವ ಕಡೆ, ಹಲ್ಲಿನ ಕುತ್ತಿಗೆಯ ಹತ್ತಿರ, ಮೆರುಗಿನ ಕೆಳಗೆ ಸಣ್ಣ ಕುಂಚದ ಗೀರುಗಳು ಕಂಡವು. ಕೂದಲಿಗಿಂತ ತೆಳು. ಅಲ್ಲಿ ಯಾರೋ ಒಂದು ಸವರು ಬಣ್ಣ ಹಾಕಿದ್ದಾರೆ. ನಾನು ಅಲ್ಲಿ ಬಣ್ಣ ಹಾಕುವವನಲ್ಲ. ನನ್ನ ಬಣ್ಣವೆಲ್ಲ ಪುಡಿಯಲ್ಲೇ, ಒಳಗಿನಿಂದಲೇ ಬರಬೇಕು. ಮೇಲೆ ಬಣ್ಣ ಬಳಿಯುವವರನ್ನು ಕಂಡರೆ ನಾನು ಮೂಗು ಮುರಿಯುತ್ತೇನೆ.

ಬಲಗೈಯವರು ಎಳೆದ ಗೀರು ಒಂದು ಕಡೆಗೆ ವಾಲುತ್ತದೆ. ಇವು ಆರೂ ಹಲ್ಲಿನಲ್ಲೂ ಇನ್ನೊಂದು ಕಡೆಗೆ ವಾಲಿವೆ.

ಎರಡು ವರ್ಷದ ಹಿಂದಿನ ಹಲ್ಲು. ಎರಡು ವರ್ಷ.

ಮಾರ್ಚ್ 21, ಶುಕ್ರವಾರ

ಉಳಿದವರು ಊಟಕ್ಕೆ ಹೋದಾಗ ಪ್ಲಾಸ್ಟರ್ ಕೋಣೆಗೆ ಹೋಗಿ ಕ್ಯಾಮೆರಾ ಮುಂದಿಟ್ಟೆ. ಅವಳು ಪರದೆ ನೋಡಿದಳು, ಒದ್ದೆ ಬಟ್ಟೆಯಿಂದ ಕೈ ಒರೆಸಿಕೊಂಡಳು, ಮತ್ತೊಂದು ಸಲ ನೋಡಿದಳು.

“ಚೆನ್ನಾಗಿ ತೆಗೆಯುತ್ತೆ ಮೇಷ್ಟ್ರೇ ಇದು” ಎಂದಳು.

“ಎಷ್ಟು ದಿನದಿಂದ?”

“ಇದಕ್ಕೂ ಸ್ವಲ್ಪ ಮುಂಚೆಯಿಂದ. ನೀವು ಕೊಟ್ಟ ಹಲ್ಲು ಪಟ್ಟಿ ಜೊತೆ ಇಟ್ಟು ನೋಡ್ತಿದ್ದೆ, ಬಿಳಿ ಇರ್ತಿತ್ತು. ಮೆರುಗು ಹಾಕುವಾಗ ಒಂದು ಸವರು ಹಳದಿ ಕೊಟ್ಟು ಸುಡ್ತಿದ್ದೆ. ಒಂದು ಹಲ್ಲೂ ವಾಪಸ್ ಬರ್ಲಿಲ್ಲ.”

ಅವಳು ರಜೆಯಲ್ಲಿದ್ದ ವಾರದ್ದನ್ನು ಬಿಟ್ಟು ಎಂದು ಅವಳು ಹೇಳಲಿಲ್ಲ. ನಾನೇ ಅಂದುಕೊಂಡೆ.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ಮೊದಲನೇ ಸಲನೇ ಹೇಳಿದ್ದೆ. ‘ಪಟ್ಟಿ ಹಿಡ್ಕೊಂಡು ನನಗೆ ಪಾಠ ಹೇಳ್ಬೇಡ’ ಅಂದ್ರಿ.”

ನನಗೆ ನೆನಪಿಲ್ಲ. ಆದರೆ ಅದು ನನ್ನ ಮಾತೇ, ಅನುಮಾನವಿಲ್ಲ.

“ನಾನು ದೂರು ಕೊಟ್ಟಾಗಾದ್ರೂ ಮಾಲೀಕರ ಹತ್ರ ಹೇಳ್ಬಹುದಿತ್ತಲ್ಲಮ್ಮ.”

ಅವಳು ಅಚ್ಚಿನ ಅಂಚು ಕೆರೆದಳು. “ಸಿಟ್ಟು ಬಂದಿತ್ತು. ಹೇಳಲ್ಲ, ಹಲ್ಲು ವಾಪಸ್ ಬರ್ಲಿ, ತಾನಾಗಿ ಗೊತ್ತಾಗ್ಲಿ ಅಂತ ಕಾದೆ. ಸುಳ್ಳು ಯಾಕೆ ಹೇಳ್ಲಿ, ಮೊದಲನೇದು ವಾಪಸ್ ಬಂದ ದಿನ ಖುಷಿ ಆಯ್ತು ಮೇಷ್ಟ್ರೇ. ಮೂರನೇದು ಬಂದಾಗ ಆಗ್ಲಿಲ್ಲ. ಆಮೇಲೆ ನಿಮಗೆ ಹೇಗೆ ಹೇಳೋದು ಗೊತ್ತಾಗ್ಲಿಲ್ಲ.”

ತಿಂಗಳ ಕೊನೆಗೆ ಅವಳನ್ನು ಬಿಡಿಸುವ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಅವಳ ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ವರ್ಷವಾಯಿತು. ಇಬ್ಬರು ಮಕ್ಕಳು.

ಮಾರ್ಚ್ 24, ಸೋಮವಾರ

ಅರ್ಧ ದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದೆ. ಮನೆಯಾಕೆ ಕೇಳದೆಯೇ ಜೊತೆಗೆ ಬಂದಳು. ಎರಡು ಕಣ್ಣಿಗೂ ಪೊರೆ. ಎರಡು ಮೂರು ವರ್ಷದಿಂದ ನಿಧಾನಕ್ಕೆ ಬಂದಿರುವುದು. ಹಾಗೆ ಬಂದದ್ದು ಬಂದವರಿಗೇ ಗೊತ್ತಾಗುವುದಿಲ್ಲವಂತೆ, ಲೋಕವೇ ಹಳದಿಯಾಯಿತು ಎಂದುಕೊಳ್ಳುತ್ತಾರಂತೆ. ಡಾಕ್ಟರು ಇದನ್ನು ನಗುತ್ತಾ ಹೇಳಿದರು. ನಾನೂ ನಕ್ಕೆ. ಬಿಳಿ ಪುಡಿಯೇ ಹಳದಿಯಾಗಿ ಕಂಡು, ಹಲ್ಲಿಗೆ ಬೇಕಾದಷ್ಟು ಹಳದಿ ಹಾಕದೆ ಬಿಟ್ಟಿದ್ದೇನೆ.

ಮೊದಲು ಎಡಗಣ್ಣು, ತಿಂಗಳು ಬಿಟ್ಟು ಬಲಗಣ್ಣು. ಕಣ್ಣಿನೊಳಗೆ ಇಡುವ ಲೆನ್ಸುಗಳ ಬೆಲೆಪಟ್ಟಿ ಕೊಟ್ಟರು. ಅದರಲ್ಲೂ ನಾಲ್ಕು ಬಗೆ. ಮನೆಯಾಕೆ ಮಡಚಿ ಪರ್ಸಿಗೆ ಹಾಕಿಕೊಂಡು, “ಈ ಸಲ ಅಳಿಯಂದಿರನ್ನ ಕೇಳೋದು ಬೇಡ” ಎಂದಳು. ಬಸ್ಸಿಗೆ ಕಾಯುವಾಗ ಚಾದರದ ವಿಷಯಕ್ಕೆ ಬೇಜಾರಾಯಿತಾ ಎಂದು ಕೇಳಿದೆ. “ಯಾವ ಚಾದರ?” ಎಂದಳು. ಮರೆತಿರಲಿಲ್ಲ, ನನಗೆ ಗೊತ್ತು.

ಮಾರ್ಚ್ 25, ಮಂಗಳವಾರ

ಮಾಲೀಕರಿಗೆ ಹೇಳಲಿಲ್ಲ. ಅವರಿಗೆ ಬಿಡುವಿರಲಿಲ್ಲ.

ಮಾರ್ಚ್ 26, ಬುಧವಾರ

ಬಿಡುವಿತ್ತು. ಹೇಳಲಿಲ್ಲ.

ಆಪರೇಷನ್ ಮಾಡಿಸಿಕೊಂಡು ಸದ್ದಿಲ್ಲದೆ ಬಂದು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಹಲ್ಲು ಮತ್ತೆ ನನ್ನ ಹತ್ತಿರವೇ ಬರಬಹುದು. ಅಷ್ಟು ಹೊತ್ತಿಗೆ ಅವಳು ಇಲ್ಲಿರುವುದಿಲ್ಲ. ಇಡೀ ದಿನ ಇದೇ ಲೆಕ್ಕ ಹಾಕಿದ್ದೇನೆ. ಬರೆದ ಮೇಲೆ ಓದಲು ನಾಚಿಕೆಯಾಗುತ್ತದೆ.

ಮಾರ್ಚ್ 28, ಶುಕ್ರವಾರ

ಸಂಜೆ ಅವಳು ಚೀಲ ತಗಲಿಸಿಕೊಂಡು ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತಳು. ಬಿಡಿಸುವ ವಿಷಯ ಮಾಲೀಕರು ಹೇಳಿದ್ದಾರೆ. ನನ್ನ ಮೇಲೆ ಕೂಗಾಡುತ್ತಾಳೆ ಎಂದುಕೊಂಡೆ. “ಕಣ್ಣು ತೋರಿಸಿದ್ರಾ?” ಎಂದಳು. ತೋರಿಸಿದೆ ಎಂದೆ. “ಒಳ್ಳೇದಾಯ್ತು” ಎಂದು ಹೊರಟಳು. ಮೆಟ್ಟಿಲು ಇಳಿಯುವವರೆಗೂ ಅವಳ ಕೆಮ್ಮು ಕೇಳಿಸುತ್ತಿತ್ತು.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಕೋಟನ್ನೂ ಹಾಕಿಕೊಳ್ಳದೆ ನೇರ ಮಾಲೀಕರ ಕೋಣೆಗೆ ಹೋದೆ. ನಿಂತುಕೊಂಡೇ ಹೇಳಿದೆ. ಕಣ್ಣಿಗೆ ಪೊರೆ ಬಂದಿದೆ, ತಪ್ಪು ಪುಡಿಯದೂ ಅಲ್ಲ ಫೋಟೋದ್ದೂ ಅಲ್ಲ, ನನ್ನದು ಎಂದೆ. ಅವರು ನಂಬಲಿಲ್ಲ.

“ಸುಸ್ತಾಗಿದೆ ನಿಮಗೆ ಮೇಷ್ಟ್ರೇ. ಆ ಹೆಂಗಸಿನ ಮೇಲೆ ಕನಿಕರ ಬಂದು ಹೀಗೆ ಹೇಳ್ತಿದ್ದೀರಿ.”

ಪಟ್ಟಿಯಿಂದ ಎರಡು ಮಾದರಿ ಹಲ್ಲು ಕಿತ್ತು, ನಂಬರನ್ನು ಬೆರಳಿನಿಂದ ಮುಚ್ಚಿ ಬಿಳಿ ಕಾಗದದ ಮೇಲೆ ಹಿಡಿದರು. “ಯಾವುದು ಹಳದಿ ಜಾಸ್ತಿ? ಹೇಳಿ ನೋಡೋಣ. ಕೆಲಸಕ್ಕೆ ಸೇರಿದ ವಾರ ಎಲ್ಲರಿಗೂ ಕೇಳ್ತೀವಲ್ಲ, ಅದೇ.”

ಎರಡೂ ಒಂದೇ ಬಣ್ಣ. ಎಡಗಡೆಯದು ಎಂದರೆ ಅರ್ಧಕ್ಕರ್ಧ ಸರಿಯಾಗುವ ಸಂಭವವಿತ್ತು. ಸರಿಯಾಗಿದ್ದರೆ ಅವರು ನಕ್ಕು ಬೆನ್ನು ತಟ್ಟುತ್ತಿದ್ದರು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಎಡಗಡೆಯದು ಎಂಬ ಮಾತು ನಾಲಿಗೆಯವರೆಗೂ ಬಂದಿತ್ತು.

“ಗೊತ್ತಾಗ್ತಿಲ್ಲ” ಎಂದೆ.

“ಇನ್ನೊಂದ್ಸಲ ನೋಡಿ.”

“ಎಷ್ಟು ಸಲ ನೋಡಿದ್ರೂ ಅಷ್ಟೇ. ಅವಳನ್ನ ಕರೀರಿ.”

ಪುಡಿಯಮ್ಮ ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡು ಬಂದಳು. ಒಳಗೆ ಬಂದರೆ ನೆಲ ಗಲೀಜಾಗುತ್ತದೆಂದು ಬಾಗಿಲಲ್ಲೇ ನಿಂತಳು. ಮಾಲೀಕರು ಕಾಗದ ಎತ್ತಿ ತೋರಿಸಿದರು.

“ಬಲಗಡೆದು ಹಳದಿ ಜಾಸ್ತಿ. ಅದು ಎ-3. ಇದು ಎ-2” ಎಂದಳು, ಅಲ್ಲಿಂದಲೇ.

ಮಾಲೀಕರು ಬೆರಳು ತೆಗೆದು ನೋಡಿದರು. ನಾನು ಕ್ಯಾಮೆರಾ ತೆಗೆದು ಆರು ಹಲ್ಲಿನ ಫೋಟೋ ತೋರಿಸಿ, ಗೀರುಗಳನ್ನು ಒಂದೊಂದಾಗಿ ತೋರಿಸಿ ಎಲ್ಲ ಹೇಳಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ತಪ್ಪು ಮಾಡಿದವಳು ಅವಳೇ ಎಂಬಂತಿತ್ತು.

“ಹಾಗಾದ್ರೆ ಎರಡು ವರ್ಷದಿಂದ ಈ ಹಲ್ಲು ಮಾಡ್ತಿದ್ದಿದ್ದು ಯಾರು?” ಎಂದು ಕೇಳಿದರು ಮಾಲೀಕರು.

“ಆಕಾರ ನಂದು. ಬಣ್ಣ ಅವಳದು. ಕಂಡಕ್ಟರಮ್ಮನ ಹಲ್ಲು ಇನ್ನೂ ಬಾಕಿ ಇದೆ, ಅದನ್ನ ಅವಳ ಕೈಯಲ್ಲೇ ಮಾಡ್ಸಿ. ಹೊರಗಿನ ಲ್ಯಾಬು ಯಾಕೆ?”

“ನಿಮ್ಮನ್ನ ಏನು ಮಾಡ್ಲಿ ಮೇಷ್ಟ್ರೇ?”

“ಆಪರೇಷನ್ ಆಗೋವರೆಗೂ ಪ್ಲಾಸ್ಟರ್ ಕೋಣೆಗೆ ಹಾಕಿ. ಆಮೇಲೆ ಇದೇ ಎರಡು ಹಲ್ಲು ತೋರಿಸಿ ಕೇಳಿ. ಹೇಳೋಕಾಗ್ಲಿಲ್ಲ ಅಂದ್ರೆ ಅಲ್ಲೇ ಇರ್ತೀನಿ.”

ಮಾಲೀಕರು ಹೂಂ ಎಂದರು. ಕ್ಯಾಮೆರಾವನ್ನು ನನ್ನ ಮೇಜಿನ ಮೇಲೇ ಬಿಟ್ಟೆ. ಅದು ಇನ್ನು ಅವಳ ಮೇಜು. ಹಿಂದಿನ ಕೋಣೆಗೆ ಹೋದಾಗ ಅವಳು ಕೈ ತೊಳೆದುಕೊಂಡು ಬಂದು ತನ್ನ ಏಪ್ರನ್ ಬಿಚ್ಚಿ ನನಗೆ ಕೊಟ್ಟಳು. ದಾರ ಹಿಂದೆ ಸಿಗಲಿಲ್ಲ, ಅವಳೇ ಕಟ್ಟಿದಳು. ಪ್ಲಾಸ್ಟರ್ ಕಲಸಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿತ್ತು. ಬಟ್ಟಲಿಗೆ ಮೊದಲು ಪುಡಿ ಹಾಕಲು ಹೋದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

“ನೀರು ಮೊದಲು ಮೇಷ್ಟ್ರೇ. ಪುಡಿ ಆಮೇಲೆ. ನಿಧಾನಕ್ಕೆ ಕಲಸಿ, ಗುಳ್ಳೆ ಬರಬಾರದು.”

ನಿಧಾನಕ್ಕೆ ಕಲಸಿದೆ. ಗುಳ್ಳೆ ಬಂತೋ ಇಲ್ಲವೋ ನನಗೆ ಕಾಣಲಿಲ್ಲ. ಬಂದಿದೆಯಾ ಎಂದು ಅವಳನ್ನೇ ಕೇಳಿದೆ.